ಪರೀಕ್ಷೆಯ ಹಿಂದಿನ ರಾತ್ರಿ

ನಾಳೆ ರಕ್ತ ಕೊಡಬೇಕು ಅಂದರೆ ನಮ್ಮ ಹಿರಿಯರ ತಾಟು ಇವತ್ತೇ ಬದಲಾಗುತ್ತದೆ. ಅನ್ನ ಬೇಡ, ಚಹಾಕ್ಕೆ ಸಕ್ಕರೆ ಬೇಡ, ರಾತ್ರಿ ಅರ್ಧ ರೊಟ್ಟಿ ಸಾಕು. ಬೆಳಗ್ಗೆ ಖಾನಾಪುರದಲ್ಲಿ ಬಸ್ ಹತ್ತಿ ಬೆಳಗಾವಿಗೆ ಬಂದು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುತ್ತಾರೆ. ಚೀಟಿಯಲ್ಲಿ ಒಳ್ಳೆಯ ಅಂಕಿ ಬಂದರೆ, ಮರಳುವ ದಾರಿಯಲ್ಲೇ ಕುಂದಾ ಕಟ್ಟಿಸಿಕೊಳ್ಳುವವರೂ ಇದ್ದಾರೆ. ಆ ಅಂಕಿ ಹೇಳಿದ್ದು ಒಂದು ರಾತ್ರಿಯ ಸುದ್ದಿಯನ್ನು ಮಾತ್ರ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನ ರಕ್ತದಲ್ಲಿದ್ದ ಸಕ್ಕರೆ ಅದಕ್ಕೆ ಅಂಟುತ್ತಾ ಬರುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಓದುವುದು ಈ ಎರಡು ಮೂರು ತಿಂಗಳ ಲೆಕ್ಕವನ್ನು. ಅರ್ಧ ರೊಟ್ಟಿಯ ಒಂದು ರಾತ್ರಿ ಅಲ್ಲಿ ಎಣಿಕೆಗೇ ಬರುವುದಿಲ್ಲ.

ಹೀಗೇಕೆ ಮಾಡುತ್ತಾರೆ? ಬೈಗುಳದ ಭಯ. ಅಂಕಿ ಏರಿದರೆ ಡಾಕ್ಟರ್ ಗದರುತ್ತಾರೆ, ಮಗ ಮುಖ ಗಂಟು ಹಾಕುತ್ತಾನೆ, ಸೊಸೆ ಡಬ್ಬಿಗಳನ್ನು ಎತ್ತಿಡುತ್ತಾಳೆ. ಶುಗರ್ ಬಂದವರನ್ನು ನಾವು ನಾಲಗೆ ಹಿಡಿತವಿಲ್ಲದವರೆಂದು ನೋಡುತ್ತೇವೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಇಷ್ಟು ಜನರೂ ಹಿಡಿತವಿಲ್ಲದವರೇ? ರಕ್ತದ ಅಂಕಿ ಇರುವುದು ಮುಂದೆ ಏನು ಮಾಡಬೇಕೆಂದು ತಿಳಿಸಲಿಕ್ಕೆ. ಅದನ್ನು ನಡತೆಗೆ ಕೊಟ್ಟ ಅಂಕವೆಂದು ಮನೆಯವರು ಓದಿದ ದಿನದಿಂದ ರೋಗಿ ಮುಚ್ಚಿಡಲು ಕಲಿಯುತ್ತಾನೆ.

ಗದರುವ ಅದೇ ಮನೆ ಹಬ್ಬದ ದಿನ ಬೇರೆಯೇ ಆಗುತ್ತದೆ. "ತಗೋರಿ ಕಾಕಾ, ಒಂದ್ ಹೋಳಿಗಿಗೆ ಏನಾಗ್ತದ?" ಒಲ್ಲೆ ಎಂದರೆ ಬಡಿಸಿದವರಿಗೆ ನೋವು, ತಿಂದರೆ ಮೈಗೆ ಕೇಡು. ಕಬ್ಬಿನ ಜಿಲ್ಲೆ ನಮ್ಮದು. ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ನಂಬಿಕೆ ಗಟ್ಟಿ. ರಕ್ತಕ್ಕೆ ಈ ಭೇದವಿಲ್ಲ, ಮಾದಲಿಯ ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಅದಕ್ಕೂ ಲೆಕ್ಕ ಬೇಕು. ಒಲ್ಲೆ ಅಂದವರನ್ನು ಮತ್ತೆ ಕೇಳದಿರುವುದೂ ಒಂದು ಉಪಚಾರ ಎಂದು ನಾವು ಕಲಿಯಬೇಕಾಗಿದೆ.

ಇದರ ತದ್ವಿರುದ್ಧದ ಅಪಾಯ ಉಪವಾಸದ ದಿನ ಬರುತ್ತದೆ. ಏಕಾದಶಿಗೆ ಹೊಟ್ಟೆ ಖಾಲಿ ಇಟ್ಟು ಗುಳಗಿ ಮಾತ್ರ ತಪ್ಪದೆ ನುಂಗುವವರಿದ್ದಾರೆ. ಗ್ಲಿಮಿಪಿರೈಡ್‌ನಂಥ ಗುಳಗಿ ಮತ್ತು ಇನ್ಸುಲಿನ್ ಸೂಜಿ ಊಟವಿರಲಿ ಬಿಡಲಿ ಸಕ್ಕರೆಯನ್ನು ಇಳಿಸಿಯೇ ಇಳಿಸುತ್ತವೆ. ಅದು 70ಕ್ಕಿಂತ ಕೆಳಗೆ ಹೋದಾಗ ಬೆವರು, ನಡುಕ, ತೊದಲು ಮಾತು. ನೋಡುವವರಿಗೆ ಸಿಟ್ಟು ಬಂದಂತೆ ಕಾಣಬಹುದು. ಆಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಒಯ್ಯಬೇಕು. ವ್ರತ ಮಾಡುವವರು ಮೊದಲೇ ಡಾಕ್ಟರನ್ನು ಕೇಳಿ ಗುಳಗಿಯ ಪ್ರಮಾಣ ಗೊತ್ತುಮಾಡಿಕೊಂಡರೆ ದೇವರೇನೂ ಮುನಿಯುವುದಿಲ್ಲ.

ಕಣಕುಂಬಿ, ಅಮಗಾಂವದ ಕಡೆ ಮಳೆ ಹಿಡಿದರೆ ಕಾಡಿನ ಊರುಗಳ ದಾರಿಯೇ ಕಡಿದುಹೋಗುತ್ತದೆ. ಗುಳಗಿ ತೀರಿದರೆ, "ಮೈ ಹಗುರ ಅದ, ಮಳಿ ನಿಂತ ಮ್ಯಾಲೆ ತಂದರಾತು" ಎನ್ನುತ್ತಾರೆ. ಈ ರೋಗ ನೋವು ಕೊಡದೆಯೇ ಕಣ್ಣು, ಮೂತ್ರಪಿಂಡಗಳನ್ನು ಸವೆಸುತ್ತದೆ. ಮೈ ಹಗುರವಿರುವುದು ಯಾವ ಸಾಕ್ಷಿಯೂ ಅಲ್ಲ. ಮಿರ್ಗ ಮಳೆಗೆ ಮುಂಚೆ ಅಕ್ಕಿ, ಸೌದೆ ಕೂಡಿಡುವಂತೆ ಗುಳಗಿಯನ್ನೂ ಕೂಡಿಡಬೇಕು. ಇನ್ಸುಲಿನ್‌ಗೆ ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಗಡಿಗೆ ನೆರವಾಗುತ್ತದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಖಾನಾಪುರದಲ್ಲಿ ಗಡಿಗೆಗೆ ಬರವಿಲ್ಲ. ಹೊರಮೈ ಒದ್ದೆಯಿಟ್ಟ ಗಡಿಗೆಯಲ್ಲಿ, ನೀರು ತಾಗದ ಚೀಲದೊಳಗೆ, ಬಳಕೆಯಲ್ಲಿರುವ ಶೀಶೆ ತಂಪಾಗಿರುತ್ತದೆ. ಫ್ರಿಜ್ ಇದ್ದವರು ಅದನ್ನು ಬರ್ಫದ ಖಾನೆಗೆ ತಾಗಿಸಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾಲು. ಸವದತ್ತಿ ಎಲ್ಲಮ್ಮನಿಗೆ, ಪಂಢರಪುರದ ವಾರಿಗೆ, ಗದ್ದೆಗೆ ನಾವು ಬರಿಗಾಲಲ್ಲಿ ನಡೆಯುವ ಜನ. ವರ್ಷಗಟ್ಟಲೆ ಸಕ್ಕರೆ ಏರಿದ ಕಾಲಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಗಾಯ ಕೀವಾಗಿ ವಾಸನೆ ಬರುವ ಹೊತ್ತಿಗೆ ಬೆರಳು, ಕೆಲವೊಮ್ಮೆ ಪಾದವೇ ಹೋಗುತ್ತದೆ. ವಯಸ್ಸಾದವರಿಗೆ ಬಗ್ಗಿ ಅಂಗಾಲು ನೋಡಿಕೊಳ್ಳಲಾಗದು, ಕಣ್ಣೂ ಮಂಜು.

ನಿಮ್ಮ ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ, ಇವತ್ತು ಏನು ತಿಂದಿರಿ ಎಂದು ವಿಚಾರಣೆಗೆ ನಿಲ್ಲಬೇಡಿ. ದಿನಾ ರಾತ್ರಿ ಬೆಳಕಿನಲ್ಲಿ ಅವರ ಎರಡೂ ಅಂಗಾಲು, ಬೆರಳ ಸಂದು ನೋಡಿ. ಕೆಂಪು, ಬೊಕ್ಕೆ, ಗಾಯ ಏನು ಕಂಡರೂ ಮರುದಿನವೇ ದವಾಖಾನೆಗೆ ಕರೆದೊಯ್ಯಿರಿ.