ಸಹನೆಯನ್ನು ಯಾರಿಗೆ ಬೋಧಿಸುತ್ತಿದ್ದೇವೆ?

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಮಗ್ರಿಬ್ ನಮಾಝಿನ ಬಳಿಕ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಕಂಕುಳಲ್ಲಿ ಮಗು, ಊದಿಕೊಂಡ ಕಣ್ಣು. ಬೀಡಿ ಕಟ್ಟಿ ಬಂದ ವಾರದ ಹಣವನ್ನು ಗಂಡ ಕೇಳಿದ್ದ, ಇವಳು ಕೊಡಲಿಲ್ಲ, ಹೊಡೆದ. ಮೊಹಲ್ಲಾದ ಜಗಳಗಳನ್ನು ಕುಳಿತು ಬಗೆಹರಿಸುತ್ತಿದ್ದ ನಾಲ್ಕೈದು ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ. ಗಂಡನನ್ನು ಕರೆಸಿ ಗದರಿಸಿದೆವು. ಅವನು ತಲೆ ತಗ್ಗಿಸಿ ನಿಂತ. ಅವಳಿಗೆ, ಸಬ್ರ್ ಮಾಡಮ್ಮಾ, ಅಲ್ಲಾಹನು ಇದಕ್ಕೆ ಪ್ರತಿಫಲ ಕೊಡುತ್ತಾನೆ ಎಂದು ಹೇಳಿ ಅದೇ ರಾತ್ರಿ ಅದೇ ಮನೆಗೆ ಕಳುಹಿಸಿದೆವು. ಒಂದು ಸಂಸಾರ ಉಳಿಸಿದೆವೆಂಬ ತೃಪ್ತಿಯಿಂದ ಚಹಾ ಕುಡಿದು ಎದ್ದೆವು.

ಮೂರು ತಿಂಗಳಲ್ಲಿ ಅವಳ ಬಲಗೈ ಮಣಿಕಟ್ಟು ಮುರಿಯಿತು. ಗುಬ್ಬಿಯ ತವರಿಗೆ ಹೋದಳು. ಅಲ್ಲಿ ಅಣ್ಣಂದಿರ ಮನೆಯಲ್ಲಿ ಜಾಗವಿರಲಿಲ್ಲ. ಮರಳಿ ಬಂದಳು. ಮೂಳೆ ಸರಿಯಾಗಿ ಕೂಡಲಿಲ್ಲ, ಬೀಡಿ ಕಟ್ಟುವ ಕೆಲಸ ಅಲ್ಲಿಗೆ ನಿಂತಿತು. ನಾವು ಬೋಧಿಸಿದ ಸಹನೆಯ ಬೆಲೆಯನ್ನು ತೆತ್ತವಳು ಅವಳು, ನಾವಲ್ಲ.

ಸಹನೆ ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ರೋಗ ಬಂದಾಗ, ಬಡತನ ಬಂದಾಗ, ಮಗು ತೀರಿಕೊಂಡಾಗ ಸತ್ಯವಿಶ್ವಾಸಿಗೆ ಅದೇ ಆಸರೆ. ಆದರೆ ತನ್ನ ಮೇಲೆ ಬಂದ ಕಷ್ಟವನ್ನು ತಾನು ಸಹಿಸುವುದು ಬೇರೆ, ಇನ್ನೊಬ್ಬರ ಮೈಮೇಲೆ ಬೀಳುವ ಏಟನ್ನು ತಡೆಯಬಲ್ಲವನು ತಡೆಯದೆ ಅವರಿಗೆ ಸಹನೆ ಹೇಳುವುದು ಬೇರೆ. ಎರಡನೆಯದಕ್ಕೆ ಸಬ್ರ್ ಎಂಬ ಹೆಸರು ಸಲ್ಲುವುದಿಲ್ಲ. ಅದು ಮರ್ದಕನ ಪಕ್ಷದಲ್ಲಿ ನಿಲ್ಲುವುದು. ನಿನ್ನ ಸಹೋದರನು ಅಕ್ರಮಿಯಾಗಿದ್ದರೂ ಅವನಿಗೆ ನೆರವಾಗು ಎಂದು ಪ್ರವಾದಿ(ಸ) ಹೇಳಿದಾಗ, ಅಕ್ರಮಿಗೆ ನೆರವಾಗುವುದು ಹೇಗೆಂದು ಸಹಾಬಿಗಳು ಕೇಳಿದರು. ಅವನ ಕೈ ಹಿಡಿದು ತಡೆಯುವುದೇ ಆ ನೆರವು ಎಂಬುದು ಬುಖಾರಿಯಲ್ಲಿರುವ ಉತ್ತರದ ತಾತ್ಪರ್ಯ. ನಾವು ಅಂದು ಆ ಗಂಡನಿಗೂ ನೆರವಾಗಲಿಲ್ಲ.

ಅಬೂದಾವೂದ್‌ನಲ್ಲಿ ಒಂದು ವರದಿಯಿದೆ. ಸಾಬಿತ್ ಬಿನ್ ಕೈಸ್(ರ)ರ ಪತ್ನಿ ಹಬೀಬಾ ಬಿಂತ್ ಸಹ್ಲ್(ರ) ಗಂಡನಿಂದ ಏಟು ತಿಂದು ಗಾಯಗೊಂಡು ಪ್ರವಾದಿ(ಸ)ಯವರ ಬಳಿಗೆ ಬಂದರು. ಸಾಬಿತ್ ಸಾಮಾನ್ಯರಲ್ಲ, ಹೆಸರಾಂತ ಸಹಾಬಿ. ಆದರೂ ಪ್ರವಾದಿ(ಸ) ಹಬೀಬಾರನ್ನು ಸಹನೆಯ ಉಪದೇಶ ಮಾಡಿ ಮನೆಗೆ ಕಳುಹಿಸಲಿಲ್ಲ. ಸಾಬಿತ್‌ರನ್ನು ಕರೆಸಿದರು. ಮಹ್ರ್ ಆಗಿ ಕೊಟ್ಟ ತೋಟವನ್ನು ಮರಳಿ ಪಡೆದು ಆಕೆಯನ್ನು ಬಿಟ್ಟುಬಿಡುವಂತೆ ಹೇಳಿದರು. ವಿಷಯ ಅಂದೇ ಇತ್ಯರ್ಥವಾಯಿತು. ಇನ್ನೊಂದು ವರದಿಯಲ್ಲಿ, ನಮಾಝಿಗೆಂದು ಹೊರಟ ಸ್ತ್ರೀಯೊಬ್ಬಳ ಮೇಲೆ ಒಬ್ಬನು ಬಲಾತ್ಕಾರವೆಸಗಿದ. ಅವಳು ಕೂಗಿಕೊಂಡಳು, ಪ್ರಕರಣ ಪ್ರವಾದಿ(ಸ)ಯವರ ಮುಂದೆ ಬಂತು. ಆ ಹೊತ್ತಿನಲ್ಲಿ ಒಬ್ಬಳೇ ಏಕೆ ಹೊರಟೆ ಎಂದು ಅವಳನ್ನು ಯಾರೂ ಪ್ರಶ್ನಿಸಿದ್ದು ಆ ವರದಿಯಲ್ಲಿಲ್ಲ. ಅವಳನ್ನು ಸಮಾಧಾನದ ಮಾತು ಹೇಳಿ ಕಳುಹಿಸಲಾಯಿತು, ಶಿಕ್ಷೆಯ ಮಾತು ಬಂದದ್ದು ಅಪರಾಧಿಗೆ. ನಮ್ಮ ಮೊಹಲ್ಲಾಗಳಲ್ಲಿ ಇಂದು ಇಂಥ ಹೆಣ್ಣುಮಗಳಿಗೆ ಎದುರಾಗುವ ಮೊದಲ ಪ್ರಶ್ನೆ ಯಾವುದೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಅನ್ನಿಸಾ ಅಧ್ಯಾಯದ 34ನೆಯ ಸೂಕ್ತವನ್ನು ಎತ್ತಿ ತೋರಿಸುವವರಿದ್ದಾರೆ. ಅದೇ ಅಧ್ಯಾಯದ 19ನೆಯ ಸೂಕ್ತ ಅವರ ಬಾಯಲ್ಲಿ ಬರುವುದು ಕಡಿಮೆ. ಪತ್ನಿಯರೊಂದಿಗೆ ಉತ್ತಮ ರೀತಿಯಲ್ಲಿ ಬಾಳಬೇಕೆಂಬ ಆಜ್ಞೆ ಇರುವುದು ಅಲ್ಲಿ. ಸೂಕ್ತವನ್ನು ಬಾಳಿ ತೋರಿಸಿದ ಪ್ರವಾದಿ(ಸ) ಒಬ್ಬ ಸ್ತ್ರೀಯ ಮೇಲಾಗಲಿ ಸೇವಕನ ಮೇಲಾಗಲಿ ಎಂದೂ ಕೈ ಎತ್ತಲಿಲ್ಲ ಎಂದು ಹ. ಆಇಶಾ(ರ) ಸಾಕ್ಷಿ ನುಡಿದಿದ್ದಾರೆ. ಮಣಿಕಟ್ಟು ಮುರಿಯಲು ಯಾವ ಗ್ರಂಥದಲ್ಲೂ ಅನುಮತಿಯಿಲ್ಲ.

ಇದು ಒಂದು ಮನೆಯ ಕಥೆಯೂ ಅಲ್ಲ, ಒಂದು ಸಮುದಾಯದ್ದೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆಗೊಳಗಾದುದಾಗಿ ಹೇಳಿದರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ಸುಮಾರು 20 ಆಗಿತ್ತು. ಹಿಂಸೆ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ, ಎರಡೂ ಇರಬಹುದು.

ಈಗ ನನ್ನ ಅಜ್ಞಾನದ ವಿಷಯ. ಅಂದು ಆ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಾಗ ದೇಶದಲ್ಲಿ ಅವಳಿಗಾಗಿಯೇ ಒಂದು ಕಾನೂನು ಇತ್ತು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದಲೇ ಜಾರಿಯಲ್ಲಿತ್ತು. ಎಲ್ಲ ಧರ್ಮದವರಿಗೂ ಅದು ಅನ್ವಯ. ಹೊಡೆಯುವುದು ಮಾತ್ರವಲ್ಲ, ಬೈಗುಳ, ಅವಮಾನ, ಲೈಂಗಿಕ ಹಿಂಸೆ, ದುಡಿದ ಹಣವನ್ನು ಕಸಿಯುವುದು, ಇವೆಲ್ಲವನ್ನೂ ಅದು ದೌರ್ಜನ್ಯವೆಂದೇ ಎಣಿಸುತ್ತದೆ. ಮ್ಯಾಜಿಸ್ಟ್ರೇಟರು ಹೊಡೆಯದಂತೆ ಆಜ್ಞೆ ಮಾಡಬಹುದು, ಅವಳನ್ನು ಮನೆಯಿಂದ ಹೊರಹಾಕದಂತೆ ತಡೆಯಬಹುದು, ಜೀವನಾಂಶ ಕೊಡಿಸಬಹುದು, ಮಕ್ಕಳನ್ನು ಅವಳ ಬಳಿ ಇರಿಸಬಹುದು. ಗಂಡನನ್ನು ಜೈಲಿಗೆ ಕಳುಹಿಸುವುದು ಈ ಕಾಯ್ದೆಯ ಮೊದಲ ಉದ್ದೇಶವಲ್ಲ. ಆಜ್ಞೆಯನ್ನು ಮುರಿದರೆ ಮಾತ್ರ ಒಂದು ವರ್ಷದವರೆಗಿನ ಸಜೆ. ನೆರೆಹೊರೆಯವರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು, ಸದುದ್ದೇಶದಿಂದ ಹೇಳಿದವರ ಮೇಲೆ ಹೊಣೆ ಬರುವುದಿಲ್ಲ. ಅಂದರೆ ಅಂದು ನಮಗೆ ಮಾಡಲು ಏನೂ ಇರಲಿಲ್ಲವೆಂಬ ನೆಪವೂ ಉಳಿಯಲಿಲ್ಲ.

ಸಂಸತ್ತು ಮಾಡುವ ಕಾನೂನೆಂದರೆ ನಮ್ಮವರಲ್ಲಿ ಹಲವರಿಗೆ ಅಳುಕು. 2019ರಲ್ಲಿ ಒಮ್ಮೆಲೇ ತ್ರಿವಳಿ ತಲಾಕ್ ಹೇಳಿದ ಗಂಡನಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುವ ಕಾಯ್ದೆ ಬಂದಾಗ, ಗಂಡ ಜೈಲಿನಲ್ಲಿದ್ದರೆ ಹೆಂಡತಿಗೆ ಅನ್ನ ಹಾಕುವವರಾರು ಎಂದು ನಾವು ಕೇಳಿದೆವು. ನ್ಯಾಯವಾದ ಪ್ರಶ್ನೆಯೇ. ಆದರೆ ಪ್ರಾಮಾಣಿಕವಾಗಿ ಕೇಳಿದವರು 2005ರ ಕಾಯ್ದೆಯನ್ನು ಎರಡೂ ಕೈಗಳಿಂದ ಸ್ವಾಗತಿಸಬೇಕಿತ್ತು. ಅನ್ನ, ಸೂರು, ರಕ್ಷಣೆ, ಇವನ್ನೇ ಅದು ಮುಂದಿಟ್ಟಿದೆ.

ಶಾಸನಸಭೆಯ ಬಾಗಿಲು ತಟ್ಟುವುದು ದೀನಿಗೆ ಹೊರಗಿನ ಕೆಲಸವೆನ್ನುವವರು ನಮ್ಮ ಚರಿತ್ರೆಯನ್ನು ಓದಲಿ. ಬ್ರಿಟಿಷರ ಕಾಲದಲ್ಲಿ ಹನಫೀ ಫಿಕ್ಹ್‌ನಂತೆ ನಡೆಯುತ್ತಿದ್ದ ನ್ಯಾಯಾಲಯಗಳಲ್ಲಿ ಕ್ರೂರಿ ಗಂಡನಿಂದ ಬಿಡುಗಡೆ ಪಡೆಯಲು ಸ್ತ್ರೀಗೆ ದಾರಿ ಇರಲಿಲ್ಲ. ಬೇರೆ ಗತಿ ಕಾಣದೆ ಪಂಜಾಬಿನಲ್ಲಿ ಕೆಲವು ಸ್ತ್ರೀಯರು ಇಸ್ಲಾಮನ್ನೇ ತೊರೆದರು. ಉಲಮಾಗಳು ಬೆಚ್ಚಿಬಿದ್ದರು. ಮೌಲಾನಾ ಅಶ್ರಫ್ ಅಲಿ ಥಾನವಿ ಮಾಲಿಕೀ ಮದ್‌ಹಬಿನ ಅಭಿಪ್ರಾಯಗಳನ್ನು ಆಧರಿಸಿ ಹೊಸ ಫತ್ವಾ ಗ್ರಂಥ ಬರೆದರು. ಮುಹಮ್ಮದ್ ಅಹ್ಮದ್ ಕಾಝ್ಮಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. 1939ರಲ್ಲಿ ಅದು ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಾಯಿತು. ಮೈಮೇಲೆ ಏಟಿಲ್ಲದಿದ್ದರೂ ನಡತೆಯಿಂದ ಬಾಳನ್ನು ನರಕ ಮಾಡುವುದೂ ಕ್ರೌರ್ಯವೇ ಎಂದು ಅದರಲ್ಲಿದೆ. ಎಂಬತ್ತು ವರ್ಷಗಳಿಗೂ ಹಿಂದೆ ನಮ್ಮ ಹಿರಿಯರು ಒಪ್ಪಿದ ಮಾತನ್ನು ಸದಾಶಿವನಗರದ ಜಗಲಿಯಲ್ಲಿ ಕುಳಿತ ನಾವು ಒಪ್ಪಿರಲಿಲ್ಲ.

ಇನ್ನು ಶಾಸಕರ ಕಡೆ ತಿರುಗೋಣ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಮಾಜಿ ಸಭಾಧ್ಯಕ್ಷರೊಬ್ಬರು ಅತ್ಯಾಚಾರವನ್ನು ಹಾಸ್ಯದ ಉಪಮೆಯಾಗಿ ಬಳಸಿದರು, ಪೀಠದಲ್ಲಿದ್ದ ಸಭಾಧ್ಯಕ್ಷರು ನಕ್ಕರು. ಮರುದಿನ ಕ್ಷಮೆ ಕೇಳಿದ್ದೂ ನಿಜ. 224 ಸದಸ್ಯರ ಆ ಸಭೆಗೆ 2023ರಲ್ಲಿ ಆರಿಸಿ ಬಂದ ಸ್ತ್ರೀಯರು 10 ಮಂದಿ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮಧುಗಿರಿಯಲ್ಲಿ, ದೂರು ಹೇಳಲು ಬಂದ ಸ್ತ್ರೀಯೊಂದಿಗೆ ಕಚೇರಿಯಲ್ಲೇ ಅನುಚಿತವಾಗಿ ವರ್ತಿಸಿದ ಆರೋಪದ ಮೇಲೆ ಡಿವೈಎಸ್ಪಿಯೊಬ್ಬರ ಬಂಧನವಾಯಿತು. ಠಾಣೆಗೆ ಹೋಗು ಎಂದು ಮಗಳಿಗೆ ಹೇಳುವ ತಾಯಿಯ ಬಾಯಿ ತಡವರಿಸಿದರೆ ಆಶ್ಚರ್ಯವೇನು?

ಠಾಣೆಯ ಮೆಟ್ಟಿಲು ಹತ್ತದೆಯೂ ಹೋಗಬಹುದಾದ ಬಾಗಿಲೊಂದು ಇರಲೆಂದೇ 2005ರ ಕಾಯ್ದೆ ಸಂರಕ್ಷಣಾಧಿಕಾರಿಯನ್ನು ಕಲ್ಪಿಸಿತು. ನಮ್ಮ ರಾಜ್ಯದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಹೊರಿಸಲಾಯಿತು. ತಾಲ್ಲೂಕಿನ ಅಂಗನವಾಡಿಗಳು, ಅವುಗಳ ಆಹಾರ, ಕಟ್ಟಡ, ಲೆಕ್ಕ, ಸಭೆ, ಇವೆಲ್ಲದರ ನಡುವೆ ಏಟು ತಿಂದವಳ ಅರ್ಜಿ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ಇತ್ಯರ್ಥಕ್ಕೆ 60 ದಿನಗಳ ಗುರಿ ಎಂದು ಕಾಯ್ದೆಯಲ್ಲಿದೆ. ಕೋರ್ಟಿನ ಬಾಗಿಲಲ್ಲಿ ಕಾದವರಿಗೆ ಆ ಅರವತ್ತು ದಿನ ಎಷ್ಟು ಉದ್ದವೆಂಬುದು ಗೊತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಾಲ್ಲೂಕು ಮಟ್ಟದಲ್ಲೂ ಸಂರಕ್ಷಣಾಧಿಕಾರಿಗಳನ್ನು ಹೆಸರಿಸಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಹೆಸರಿಸುವುದಕ್ಕೆ ಒಂದು ಕಾಗದ ಸಾಕು. ಆ ಅಧಿಕಾರಿಗೆ ಬೇರೆ ಕೆಲಸವಿಲ್ಲದಂತೆ ಮಾಡುವುದು, ವಾಹನ ಮತ್ತು ಸಿಬ್ಬಂದಿ ಕೊಡುವುದು, ರಾತ್ರಿ ಮಗುವಿನೊಂದಿಗೆ ಹೊರಬಿದ್ದವಳಿಗೆ ಹತ್ತಿರದಲ್ಲೇ ಸೂರು ಒದಗಿಸುವುದು ಬಜೆಟ್ಟಿನ ಕೆಲಸ. ಬಜೆಟ್ಟಿಗೆ ಕೈ ಎತ್ತುವವರು ಶಾಸಕರು.

ಇನ್ನೊಂದು ವಿಷಯ. ಇಲ್ಲಿ ಕೆಲವು ಓದುಗರು ನನ್ನೊಂದಿಗೆ ಬರಲಾರರು. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟು, ಪತ್ನಿಯ ಮೇಲೆ ಬಲಾತ್ಕಾರವೆಸಗಿದ ಆರೋಪ ಹೊತ್ತ ಗಂಡನ ವಿರುದ್ಧದ ಅತ್ಯಾಚಾರದ ಮೊಕದ್ದಮೆಯನ್ನು ರದ್ದುಪಡಿಸಲು ಒಪ್ಪಲಿಲ್ಲ. ಗಂಡನಿಗೆ ಇರುವ ವಿನಾಯಿತಿಯ ಬಗ್ಗೆ ಶಾಸಕಾಂಗವೇ ಯೋಚಿಸಬೇಕೆಂದೂ ಹೇಳಿತು. ಅದಕ್ಕೆ ಅದೇ ವರ್ಷ ಸುಪ್ರೀಂ ಕೋರ್ಟಿನ ತಡೆ ಬಂತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಆ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿತು. ದಾಂಪತ್ಯದ ಕೋಣೆಗೆ ಪೊಲೀಸರನ್ನು ಬಿಡುವುದೇ ಎಂಬ ಆತಂಕ ನನಗೂ ಇತ್ತು, ಈಗಲೂ ಸ್ವಲ್ಪ ಇದೆ. ಆದರೆ ಹಗಲು ಹೆಂಡತಿಯನ್ನು ಹೊಡೆದು ರಾತ್ರಿ ಅವಳ ಬಳಿ ಮಲಗಲು ಹೋಗುವವನನ್ನು ಪ್ರವಾದಿ(ಸ) ನಾಚಿಸಿದ್ದನ್ನು ಓದಿದ ಮೇಲೆ, ಆ ಕೋಣೆ ಅಲ್ಲಾಹನ ದೃಷ್ಟಿಗೆ ಹೊರಗಿನದೆಂದು ವಾದಿಸಲು ನನ್ನಿಂದಾಗದು. ಅಪರಾಧಕ್ಕೆ ಯಾವ ಹೆಸರು, ಎಷ್ಟು ಶಿಕ್ಷೆ ಎಂಬುದನ್ನು ಉಲಮಾಗಳೂ ವಕೀಲರೂ ಕುಳಿತು ಚರ್ಚಿಸಲಿ. ಗಾಯಗೊಂಡವಳು ಹೆಂಡತಿ ಎಂಬ ಕಾರಣಕ್ಕೇ ಗಾಯ ಇಲ್ಲವೆಂದಾಗಬಾರದು.

ಮುಸ್ಲಿಮನ ಲೋಪವನ್ನು ಮುಚ್ಚಿಡಬೇಕೆಂಬ ಹದೀಸನ್ನು ನಮ್ಮ ಕೂಟದಲ್ಲಿ ಒಬ್ಬರು ನೆನಪಿಸಿದರು. ಅದು ತನ್ನಷ್ಟಕ್ಕೆ ಎಡವಿದವನಿಗೆ. ಇನ್ನೊಬ್ಬರ ಹಕ್ಕನ್ನು ತುಳಿಯುತ್ತಲೇ ಇರುವವನಿಗೆ ಹೊದಿಸುವ ಕಂಬಳಿಯಲ್ಲ. ನ್ಯಾಯಕ್ಕಾಗಿ ಸ್ವತಃ ನಮ್ಮ ವಿರುದ್ಧ, ಹೆತ್ತವರ ಮತ್ತು ಬಂಧುಗಳ ವಿರುದ್ಧವಾದರೂ ಸಾಕ್ಷಿ ನಿಲ್ಲಬೇಕೆಂದು ಅನ್ನಿಸಾದ 135ನೆಯ ಸೂಕ್ತ ಆಜ್ಞಾಪಿಸುತ್ತದೆ. ಜಮಾಅತ್ತಿನ ಮರ್ಯಾದೆ ಅದಕ್ಕಿಂತ ಹತ್ತಿರದ ಬಂಧುವೇ?

ಕಳೆದ ತಿಂಗಳು ಒಂದು ಅರ್ಜಿ ಬರೆದೆ. ತುಮಕೂರು, ಗುಬ್ಬಿ, ಕುಣಿಗಲ್, ಮೂರೂ ತಾಲ್ಲೂಕುಗಳಲ್ಲಿ ಇದೊಂದೇ ಕೆಲಸ ನೋಡುವ ಸಂರಕ್ಷಣಾಧಿಕಾರಿ ಬೇಕು, ಮಕ್ಕಳೊಂದಿಗೆ ತಂಗಬಹುದಾದ ಆಶ್ರಯ ಬೇಕು, ಇದನ್ನು ಸದನದಲ್ಲಿ ಕೇಳಿ ಎಂದು ಮೂವರು ಶಾಸಕರನ್ನು ಉದ್ದೇಶಿಸಿದ ಎರಡು ಪುಟ. ಜುಮಾ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಸಹಿ ಕೇಳಿದೆ, ನಂತರ ಬೀದಿಯ ಮನೆಮನೆಗೂ ಕೊಟ್ಟೆ. ಮಣಿಕಟ್ಟು ಮುರಿದ ಆ ಹೆಣ್ಣುಮಗಳು ನನ್ನನ್ನು ಒಂದು ಕ್ಷಣ ನೋಡಿದಳು, ಏನೂ ಹೇಳಲಿಲ್ಲ, ಸಹಿ ಹಾಕಿ ಕೊಟ್ಟಳು. ಇದುವರೆಗೆ ನಲವತ್ತೊಂದು ಸಹಿಗಳಾಗಿವೆ. ಅವುಗಳಲ್ಲಿ ಗಂಡಸರದು ಆರು.