ಯಾರ ಪಾತ್ರ, ಯಾರ ಮುಖ

ಕಾದಂಬರಿಕಾರ ಪಾತ್ರಕ್ಕೆ ಮಾತು ಕೊಡುತ್ತಾನೆ, ನಡತೆ ಕೊಡುತ್ತಾನೆ. ಮುಖವನ್ನು ಓದುಗನಿಗೇ ಬಿಡುತ್ತಾನೆ. ಧಾರಾವಾಹಿಗೆ ಆ ಸಲಿಗೆ ಇಲ್ಲ. ಅಲ್ಲಿ ಮೊದಲು ಬರಬೇಕಾದದ್ದೇ ಮುಖ.

*

ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂದದ್ದು 1935ರಲ್ಲಿ. ಐವತ್ತು ವರ್ಷ ಸ್ವಾಮಿಗೆ ಓದಿದವರಷ್ಟು ಮುಖಗಳಿದ್ದವು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಮಾಡಿದ ಮೇಲೆ ಒಂದೇ ಉಳಿಯಿತು: ಮಾಸ್ಟರ್ ಮಂಜುನಾಥನದು.

*

ಸ್ವಾಮಿ ಹುಟ್ಟಿದ್ದು ಇಂಗ್ಲಿಷಿನಲ್ಲಿ, ಮನೆಮಾತು ತಮಿಳಿರಬೇಕು, ದೂರದರ್ಶನದಲ್ಲಿ ಆಡಿದ್ದು ಹಿಂದಿ, ಆಡಿದ ಹುಡುಗ ಕನ್ನಡದವನು. ಸೋಮವಾರ ಬೆಳಗ್ಗೆ ಶಾಲೆಗೆ ಹೊರಡುವ ಮುಖ ಮಾತ್ರ ನಾಲ್ಕರಲ್ಲೂ ಒಂದೇ.

*

ಹೋಲಿಕೆ ಹುಡುಕುವವನು ಫೋಟೊ ನೋಡುತ್ತಾನೆ. ಪಾತ್ರ ಹುಡುಕುವವನು, ಸುಳ್ಳು ಹೇಳುವಾಗ ಹುಡುಗನ ಕಣ್ಣು ಎಲ್ಲಿಗೆ ಹೋಗುತ್ತದೆಂದು ನೋಡುತ್ತಾನೆ.

*

ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಪುಸ್ತಕದಲ್ಲಿ ಸಾಲುಗಟ್ಟಲೆ ಬರುವ ಗದರಿಕೆಗೆ ಕಾರ್ನಾಡರು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ತಕ್ಕ ನಟ ಸಿಕ್ಕರೆ ಸಂಭಾಷಣೆಕಾರನಿಗೆ ಒಂದು ಪುಟ ಉಳಿತಾಯ.

*

ಅದೇ ಧಾರಾವಾಹಿಯಲ್ಲಿ ಮಿಠಾಯಿ ಅಂಗಡಿಯ ಜಗನ್ ಆದಾಗ ಅನಂತ್‌ನಾಗ್‌ಗೆ ನಲವತ್ತು ತುಂಬಿರಲಿಲ್ಲ; ನಾರಾಯಣರ ಕಾದಂಬರಿಯ ಜಗನ್ ಅರವತ್ತರ ಹತ್ತಿರದವನು. ಕೂದಲು ಬೆಳ್ಳಗೆ ಮಾಡುವುದು ಮೇಕಪ್‌ನವರ ಕೆಲಸ. ಮಗ ಕೈತಪ್ಪಿದನೆಂದು ಗೊತ್ತಾದ ಮೇಲೂ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ನಟನ ಕೆಲಸ.

*

ಒಂದು ಕಂತಿನಲ್ಲಿ ಕಂಡವರು ಇನ್ನೊಂದರಲ್ಲಿ ಬೇರೆ ಯಾರೋ ಆಗಿ ಬರುತ್ತಿದ್ದರು. ನಮಗದು ಹೊಸದಲ್ಲ. ನಿನ್ನೆಯ ಆಟದ ಕೃಷ್ಣ ಇಂದು ಸುಧನ್ವನಾದರೆ ಯಕ್ಷಗಾನದ ಪ್ರೇಕ್ಷಕ ಆಧಾರ ಕೇಳುವುದಿಲ್ಲ.

*

ಊರಿಗೂ ಪಾತ್ರಧಾರಿ ಬೇಕು. ಯಾವ ನಕಾಶೆಯಲ್ಲೂ ಇಲ್ಲದ ಮಾಲ್ಗುಡಿಯ ವೇಷವನ್ನು ಶಂಕರ್‌ನಾಗ್ ಆಗುಂಬೆಗೆ ಕಟ್ಟಿದರು. ರೈಲು ನಿಲ್ದಾಣಕ್ಕೆ ಅರಸಾಳನ್ನು ಕರೆದರು. ಅರಸಾಳಿನ ಹಳೆಯ ನಿಲ್ದಾಣ ಈಗ ಮಾಲ್ಗುಡಿ ಮ್ಯೂಸಿಯಂ. ಆಟ ಮುಗಿದರೂ ವೇಷ ಕಳಚದ ಪಾತ್ರಧಾರಿ ಅದು.

*

ತಮ್ಮದೇ ಕಾದಂಬರಿಯಿಂದ ಬಂದ ‘ಗೈಡ್’ ಚಿತ್ರದಿಂದ ಬೇಸತ್ತು ನಾರಾಯಣ್ ಲೇಖನವನ್ನೇ ಬರೆದರು. ಮಾಲ್ಗುಡಿಯ ಕಥೆಯನ್ನು ರಾಜಸ್ಥಾನಕ್ಕೆ ಸಾಗಿಸಿದ್ದು ಅವರಿಗೆ ಒಗ್ಗಲಿಲ್ಲ. ಮೂಗು ಬೇರೆಯಾದರೆ ಲೇಖಕ ಸಹಿಸಿಯಾನು, ಓಣಿ ಬೇರೆಯಾದರೆ ಸಹಿಸಲಾರ.

*

ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ ಗಂಡನ ಶಾನುಭೋಗಿಕೆಯ ಲೆಕ್ಕ ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುತ್ತಾಳೆ. ಗಿರೀಶ್ ಕಾಸರವಳ್ಳಿಯವರ ಧಾರಾವಾಹಿಯಲ್ಲಿ ಆ ಪಾತ್ರ ಮಾಳವಿಕಾ ಅವರದು. ಇಂಥ ಪಾತ್ರಕ್ಕೆ ಮುಖ ಸಿಕ್ಕರೆ ಅರ್ಧ ಕೆಲಸ, ಉಳಿದರ್ಧ ಬೆರಳುಗಳದು. ಕಡ್ಡಿ ಮುರಿದು ಎಲೆಗೆ ಎಲೆ ಚುಚ್ಚುವಾಗ ಬೆರಳು ತಡವರಿಸಿದರೆ, ಎಲೆ ಹಚ್ಚಿ ಬದುಕಿದ ಅಜ್ಜಿ ಟೀವಿ ಮುಂದಿನಿಂದ ಎದ್ದುಹೋಗುತ್ತಾಳೆ.

*

ನಂಜಮ್ಮನ ಅತ್ತೆ ಗಂಗಮ್ಮನ ಬೈಗುಳ ಓದುವಾಗ ನಾವು ಒಬ್ಬರೇ ಇರುತ್ತೇವೆ. ಟೀವಿಯಲ್ಲಿ ಕೇಳುವಾಗ ಪಕ್ಕದಲ್ಲಿ ನಮ್ಮ ಅತ್ತೆಯೂ ಕೂತಿರುತ್ತಾರೆ. ಪಾತ್ರಗಳ ಬಾಯಿ ತೊಳೆಸುವ ಆಸೆ ಹುಟ್ಟುವುದೇ ಅಲ್ಲಿ. ಬಾಯಿ ತೊಳೆದ ಗಂಗಮ್ಮ ಗಂಗಮ್ಮನಲ್ಲ.

*

ನಂಜಮ್ಮನ ಗಂಡ ಚೆನ್ನಿಗರಾಯ ಉಣ್ಣುವುದನ್ನು ನೋಡಿ ನಗು ಬರಬೇಕು. ನಕ್ಕಿದ್ದಕ್ಕೆ ಆಮೇಲೆ ನಾಚಿಕೆಯಾಗಬೇಕು. ಮೊದಲನೆಯದಷ್ಟೇ ಬರುವ ನಟನಿಗೆ ಬೇರೆ ಪಾತ್ರ ಕೊಡಿ.

*

ಕಾದಂಬರಿಯ ಇಬ್ಬರು ಚಿಕ್ಕಪ್ಪಂದಿರನ್ನು ಸೇರಿಸಿ ಒಬ್ಬನನ್ನು ಮಾಡುವುದು ಖರ್ಚಿನ ಲೆಕ್ಕ. ಅವರಿಬ್ಬರ ನಡುವಿನ ಜಗಳ ಎಲ್ಲಿ ಹೋಯಿತೆನ್ನುವುದು ಕಥೆಯ ಲೆಕ್ಕ.

*

ದಿನದ ಧಾರಾವಾಹಿಯಲ್ಲಿ ಸೊಸೆಯ ಪಾತ್ರಧಾರಿ ಬದಲಾದರೆ ಮನೆಮಂದಿ ನಾಲ್ಕು ದಿನ ಗೊಣಗಿ ಐದನೆಯ ದಿನ ಹೊಸಬಳನ್ನೇ ಸೊಸೆ ಅನ್ನುತ್ತಾರೆ. ಕಾದಂಬರಿಯಿಂದ ಬಂದವಳಿಗೆ ಆ ರಿಯಾಯಿತಿ ಇಲ್ಲ. ಅವಳನ್ನು ತೆರೆಗೆ ತರುವ ಮೊದಲೇ ನಾವು ಸಾಕಿಕೊಂಡಿರುತ್ತೇವೆ.

*

‘ನಾನು ಅಂದುಕೊಂಡ ಹಾಗಿಲ್ಲ’ ಎನ್ನುವ ಓದುಗನನ್ನು ‘ಹಾಗಾದರೆ ಹೇಗಿದ್ದ?’ ಎಂದು ಕೇಳಿ. ಮೂಗು ಹೇಳಲಾರ, ಬಣ್ಣ ಹೇಳಲಾರ. ‘ಹೀಗಂತೂ ಅಲ್ಲ’ ಅನ್ನುತ್ತಾನೆ. ಅವನು ಹೇಳುತ್ತಿರುವುದು ನಿಜ.

*

ಸ್ವಾಮಿಯ ಕಥೆಯ ಕೊನೆಯಲ್ಲಿ ಗೆಳೆಯ ರಾಜಂ ರೈಲು ಹತ್ತಿ ಹೊರಡುತ್ತಾನೆ. ಏನೋ ಹೇಳಲು ಬಾಯಿ ತೆರೆಯುತ್ತಾನೆ. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಊರೆಲ್ಲ ಅಲೆದು ಒಬ್ಬ ಹುಡುಗನನ್ನು ಹುಡುಕಿ, ವೇಷ ತೊಡಿಸಿ, ರೈಲಿನಲ್ಲಿ ಕೂರಿಸಿದ ನಿರ್ದೇಶಕನಿಗೆ ಇನ್ನು ಉಳಿದಿರುವುದು ಒಂದೇ ಕೆಲಸ: ಅವನು ಏನಂದನೆಂದು ನಮಗೂ ಕೇಳಿಸದ ಹಾಗೆ ನೋಡಿಕೊಳ್ಳುವುದು.