ಬಿಡಿ ಪಾಠ, ಇಡೀ ಗಣಿತ

ಹೈಸ್ಕೂಲು ಗಣಿತ ಕಷ್ಟ ಎನ್ನುವ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮಾತನಾಡಿಸಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಅವರಲ್ಲಿ ಬಹಳಷ್ಟು ಮಂದಿಗೆ ಲೆಕ್ಕ ಮಾಡಲು ಬರುತ್ತದೆ. ಒಂದು ಪಾಠಕ್ಕೂ ಇನ್ನೊಂದಕ್ಕೂ ಏನು ನಂಟು ಎನ್ನುವುದು ಮಾತ್ರ ತಿಳಿದಿರುವುದಿಲ್ಲ. ವರ್ಗ ಸಮೀಕರಣವನ್ನು ಸರಸರನೆ ಬಿಡಿಸುವ ಹುಡುಗಿ, ಅದೇ ಸಮೀಕರಣ ಹೊಲದ ಉದ್ದಗಲದ ಪ್ರಶ್ನೆಯಾಗಿ ಬಂದರೆ ಪೆನ್ನು ಕೆಳಗಿಡುತ್ತಾಳೆ. ಸಮರೂಪ ತ್ರಿಭುಜದ ಪ್ರಮೇಯವನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗನಿಗೆ, ತ್ರಿಕೋನಮಿತಿ ನಿಂತಿರುವುದೇ ಆ ಸಮರೂಪತೆಯ ಮೇಲೆ ಎಂದು ಹೊಳೆಯುವುದಿಲ್ಲ. ಗಣಿತ ಅವರಿಗೆ ಹದಿನಾಲ್ಕು ಹದಿನೈದು ಬೇರೆ ಬೇರೆ ಅಧ್ಯಾಯಗಳಾಗಿ ಸಿಕ್ಕಿದೆ, ಒಂದು ವಿಷಯವಾಗಿ ಸಿಕ್ಕಿಲ್ಲ.

ಈಗ ಗಣಿತದ ಪಾಠ ಮೊಬೈಲಿಗೂ ಬಂದಿದೆ. ಶಾಲೆ ಮುಗಿಸಿ ಬಂದ ಮಕ್ಕಳು ಸಂಜೆ ಆನ್‌ಲೈನ್ ತರಗತಿಗೆ ಕೂರುತ್ತಾರೆ. ಅರ್ಥವಾಗದ ಭಾಗಕ್ಕೆ ವಿಡಿಯೊ ಹುಡುಕುತ್ತಾರೆ. ಹೀಗೆ ಕಲಿಯುವಾಗ ಬೀಜಗಣಿತ, ರೇಖಾಗಣಿತ, ನಕ್ಷೆ, ಶ್ರೇಢಿ ಎಲ್ಲವನ್ನೂ ಒಂದಾಗಿ ಕಾಣುವ ದಾರಿ ಇನ್ನಷ್ಟು ದೂರವಾಗುತ್ತದೋ, ಹತ್ತಿರವಾಗುತ್ತದೋ? ಇದನ್ನು ಪಾಲಕರೂ ಶಿಕ್ಷಕರೂ ಕೂತು ಯೋಚಿಸಬೇಕು.

ಗಣಿತವನ್ನು ಒಟ್ಟಾಗಿ ಕಲಿಸಬೇಕೋ ಬಿಡಿಸಿ ಕಲಿಸಬೇಕೋ ಎಂಬ ಪ್ರಶ್ನೆಗೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಒಂದೇ ವಿಷಯ. 80 ಅಂಕದ ಒಂದೇ ಲಿಖಿತ ಪತ್ರಿಕೆ. ಗಡಿ ದಾಟಿ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗೆ ಹೋದರೆ ಹತ್ತನೆಯ ತರಗತಿಯ ಗಣಿತಕ್ಕೆ ಎರಡು ಪುಸ್ತಕ: ಮೊದಲ ಭಾಗ ಬೀಜಗಣಿತ, ಎರಡನೆಯ ಭಾಗ ರೇಖಾಗಣಿತ. ಪರೀಕ್ಷೆಯೂ 40 ಅಂಕದ ಎರಡು ಪತ್ರಿಕೆ. ಅಮೆರಿಕದ ಶಾಲೆಗಳಲ್ಲಿ ಬಹುಕಾಲದಿಂದ ಒಂದು ವರ್ಷ ಬೀಜಗಣಿತ, ಮರುವರ್ಷ ರೇಖಾಗಣಿತ, ಅದರ ಮುಂದಿನ ವರ್ಷ ಮತ್ತೆ ಬೀಜಗಣಿತ ಎಂಬ ಕ್ರಮ ನಡೆದುಬಂದಿದೆ. 2010ರಲ್ಲಿ ಬಂದ ಕಾಮನ್ ಕೋರ್ ಚೌಕಟ್ಟು ಆ ಕ್ರಮದ ಜತೆಗೆ ಇಂಟಿಗ್ರೇಟೆಡ್ ಮ್ಯಾಥ್ ಎಂಬ ದಾರಿಯನ್ನೂ ತೋರಿಸಿತು. ಅದರಲ್ಲಿ ಮೂರೂ ವರ್ಷ ಎಲ್ಲ ಶಾಖೆಗಳೂ ಜತೆಯಾಗಿ ಸಾಗುತ್ತವೆ. ಬೆಂಗಳೂರಿನಿಂದ ಅಲ್ಲಿಗೆ ಹೋದ ಕುಟುಂಬದ ಮಗುವಿಗೆ ಈ ವ್ಯತ್ಯಾಸ ಮೊದಲ ವಾರದಲ್ಲೇ ಎದುರಾಗುತ್ತದೆ. ಇಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತ ಮಗುವನ್ನು ಅಲ್ಲಿ ಯಾವ ವರ್ಷದ ತರಗತಿಗೆ ಸೇರಿಸಬೇಕು ಎಂಬ ಪ್ರಶ್ನೆ ಏಳುತ್ತದೆ.

ಒಟ್ಟಾಗಿ ಕಲಿಸುವುದು ನಮ್ಮ ನೆಲಕ್ಕೆ ಹೊಸತಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತ, ಅಗೆದ ಗುಂಡಿಯ ಘನಫಲ, ನೆರಳಿನ ಲೆಕ್ಕ ಎಲ್ಲವೂ ಒಂದೇ ಗ್ರಂಥದಲ್ಲಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ, ‘ಕ್ಷೇತ್ರಗಣಿತ’ವನ್ನೂ ಬರೆದ. ಅಂಗಡಿಯ ಲೆಕ್ಕವನ್ನೂ ಹೊಲದ ಅಳತೆಯನ್ನೂ ಒಬ್ಬನೇ ಗುರು ಹೇಳಿಕೊಡುತ್ತಿದ್ದ ನಾಡು ಇದು.

ಒಟ್ಟಾಗಿ ಕಾಣುವುದು ಎಂದರೆ ಏನು ಎನ್ನುವುದನ್ನು ಒಂದು ಸಣ್ಣ ಲೆಕ್ಕದಲ್ಲೇ ನೋಡಬಹುದು. ಒಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯ ಆರು ಪಟ್ಟು ಸೇರಿಸಿದರೆ 16 ಬರುತ್ತದೆ. ಆ ಸಂಖ್ಯೆ ಯಾವುದು?

ಬೀಜಗಣಿತ ಕಲಿತವರು ಅಪವರ್ತಿಸಿ ಎರಡು ಉತ್ತರ ಹೇಳುತ್ತಾರೆ: 2 ಮತ್ತು ಮೈನಸ್ 8. ಇದನ್ನೇ ಚಿತ್ರವಾಗಿ ಬರೆಯಿರಿ. ಗೊತ್ತಿಲ್ಲದ ಸಂಖ್ಯೆಯನ್ನು ಬಾಹುವಾಗಿ ಇಟ್ಟುಕೊಂಡು ಒಂದು ಚೌಕ ಎಳೆಯಿರಿ. ಆರು ಪಟ್ಟನ್ನು ಮೂರು ಮೂರಾಗಿ ಹಂಚಿ, ಚೌಕದ ಬಲಕ್ಕೊಂದು, ಕೆಳಕ್ಕೊಂದು 3 ಅಗಲದ ಆಯತ ಸೇರಿಸಿ. ಮೂಲೆಯಲ್ಲಿ ಮೂರಕ್ಕೆ ಮೂರರ ಜಾಗ ಖಾಲಿ ಉಳಿಯುತ್ತದೆ. ಅಲ್ಲಿ 9 ತುಂಬಿದರೆ ದೊಡ್ಡ ಚೌಕ ಪೂರ್ತಿಯಾಗುತ್ತದೆ. ಅದರ ವಿಸ್ತೀರ್ಣ 16ಕ್ಕೆ 9 ಕೂಡಿ 25, ಬಾಹು 5. ಅದರಲ್ಲಿ 3 ಕಳೆದರೆ 2. ಸೂತ್ರ ಬಾಯಿಪಾಠ ಮಾಡಿದ ಮಗುವಿಗೆ ‘ವರ್ಗ ಪೂರ್ಣಗೊಳಿಸುವುದು’ ಎಂದರೇನು ಎಂದು ಕಣ್ಣಿಗೆ ಕಾಣುವುದು ಇಲ್ಲಿ.

ಈಗ ಶ್ರೇಢಿಯ ಪಾಠಕ್ಕೆ ಬನ್ನಿ. 7, 9, 11, 13 ಹೀಗೆ ಸಾಗುವ ಸಮಾಂತರ ಶ್ರೇಢಿಯಲ್ಲಿ ಮೊದಲಿನ ಎಷ್ಟು ಪದ ಕೂಡಿದರೆ 16 ಬರುತ್ತದೆ? ಮೊತ್ತದ ಸೂತ್ರ ಹಾಕಿದರೆ ಬರುವುದು ಪದಗಳ ಸಂಖ್ಯೆಯ ವರ್ಗ, ಅದಕ್ಕೆ ಅದರ ಆರು ಪಟ್ಟು. ಮೇಲಿನ ಸಮೀಕರಣವೇ! ಉತ್ತರ 2. ಏಳೂ ಒಂಬತ್ತೂ ಹದಿನಾರು. ಹೊಲದ ಉದ್ದ ಅದರ ಅಗಲಕ್ಕಿಂತ 6 ಮೀಟರ್ ಹೆಚ್ಚು, ವಿಸ್ತೀರ್ಣ 16 ಚದರ ಮೀಟರ್ ಎಂದರೂ ಅದೇ ಸಮೀಕರಣ. ಮೈನಸ್ 8 ಪದಗಳಿರುವ ಶ್ರೇಢಿ ಇಲ್ಲ, ಮೈನಸ್ 8 ಮೀಟರ್ ಅಗಲದ ಹೊಲವೂ ಇಲ್ಲ. ಆದ್ದರಿಂದ ಅಲ್ಲಿ ಆ ಉತ್ತರವನ್ನು ಕೈಬಿಡುತ್ತೇವೆ. ಯಾವಾಗ ಉಳಿಸಿಕೊಳ್ಳಬೇಕು, ಯಾವಾಗ ಬಿಡಬೇಕು ಎಂಬ ವಿವೇಕ ಬರುವುದು ಒಂದೇ ಸಮೀಕರಣವನ್ನು ಮೂರು ಕಡೆ ಕಂಡಾಗ.

ಇನ್ನು ನಕ್ಷೆ. ಆನ್‌ಲೈನ್ ಪಾಠ ಕರಿಹಲಗೆಯನ್ನು ಮೀರಿಸುವುದು ಇಲ್ಲೇ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ಜಿಯೋಜೀಬ್ರಾ ಎಂಬ ತಂತ್ರಾಂಶವನ್ನು ಮಕ್ಕಳು ದುಡ್ಡು ಕೊಡದೆ ಮೊಬೈಲಿನಲ್ಲೇ ಬಳಸಬಹುದು. ಹದಿನಾರನ್ನು ಎಡಕ್ಕೆ ತಂದು ಸಮೀಕರಣವನ್ನು ಅದರಲ್ಲಿ ಹಾಕಿದರೆ ಪರವಲಯವೊಂದು ಮೂಡುತ್ತದೆ. ಅದು ಅಡ್ಡ ಅಕ್ಷವನ್ನು 2ರಲ್ಲಿ ಮತ್ತು ಮೈನಸ್ 8ರಲ್ಲಿ ಕತ್ತರಿಸುತ್ತದೆ. ಎರಡರ ನಟ್ಟನಡುವೆ, ಮೈನಸ್ 3ರಲ್ಲಿ, ಅದರ ತಳಬಿಂದು. ಆ ಬಿಂದು ಅಕ್ಷದಿಂದ 25ರಷ್ಟು ಕೆಳಗಿದೆ. ಚೌಕ ಪೂರ್ತಿಮಾಡಿದಾಗ ಸಿಕ್ಕ 25 ಇದೇ.

ಈಗ ಸ್ಥಿರಸಂಖ್ಯೆಯನ್ನು ಬೆರಳಲ್ಲಿ ಜರುಗಿಸಿ. ಪರವಲಯ ಮೆಲ್ಲಗೆ ಮೇಲೇರುತ್ತದೆ. ಮೈನಸ್ 16 ಇದ್ದಲ್ಲಿ ಪ್ಲಸ್ 9 ಬಂದಾಗ ಅದು ಅಕ್ಷವನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ಪ್ಲಸ್ 16ಕ್ಕೆ ಹೋದರೆ ಅಕ್ಷವನ್ನು ಬಿಟ್ಟು ಮೇಲೆಯೇ ನಿಲ್ಲುತ್ತದೆ. ಅಲ್ಲಿ ಚೌಕ ಪೂರ್ತಿಮಾಡಲು ಹೋದರೆ ಮೈನಸ್ 7ರ ವರ್ಗಮೂಲ ಬೇಕಾಗುತ್ತದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯ ಅಂದೇ ಸ್ಪಷ್ಟವಾಗಿ ಬರೆದಿದ್ದ. ಎರಡು ಮೂಲ, ಒಂದೇ ಮೂಲ, ವಾಸ್ತವ ಮೂಲವೇ ಇಲ್ಲ ಎಂದು ಮಕ್ಕಳು ಉರುಹೊಡೆಯುವ ಶೋಧಕದ ಮೂರು ನಿಯಮಗಳು ಅರೆನಿಮಿಷದಲ್ಲಿ ಕಣ್ಣೆದುರು ನಡೆದುಹೋಗುತ್ತವೆ. ಸುಣ್ಣದ ಕಡ್ಡಿ ಹಿಡಿದು ಇಷ್ಟು ಪರವಲಯ ಬರೆಯಲು ಯಾವ ಮೇಷ್ಟರಿಗೂ ಒಂದು ಪೀರಿಯಡ್ ಸಾಲದು.

ಇಷ್ಟೊಂದು ಅನುಕೂಲ ಇದ್ದೂ ಆನ್‌ಲೈನ್ ಪಾಠದಲ್ಲಿ ಮಕ್ಕಳು ಎಡವುವುದೇಕೆ? ಪಾಠ ತಲುಪುವ ರೀತಿಯಲ್ಲೇ ಕಾರಣವಿದೆ. ಶಾಲೆಯ ಕರಿಹಲಗೆಯ ಎಡಕ್ಕೆ ಬರೆದ ಸಮೀಕರಣ, ಬಲಕ್ಕೆ ಚಿತ್ರ ಬರೆಯುವಾಗಲೂ ಅಲ್ಲೇ ಇರುತ್ತದೆ. ಮಗುವಿನ ಕಣ್ಣು ಅತ್ತ ಇತ್ತ ಓಡಾಡುತ್ತಾ ಎರಡನ್ನೂ ಕೂಡಿಸಿಕೊಳ್ಳುತ್ತದೆ. ಪರದೆಯಲ್ಲಿ ಮುಂದಿನ ಸ್ಲೈಡ್ ಬಂದೊಡನೆ ಹಿಂದಿನದು ಮರೆಯಾಗುತ್ತದೆ. ವಿಡಿಯೊ ಹುಡುಕುವ ಮಗು ಅಧ್ಯಾಯದ ಹೆಸರನ್ನೇ ಟೈಪ್ ಮಾಡುತ್ತದೆ. ಸಿಗುವುದೂ ಆ ಅಧ್ಯಾಯದ ಹತ್ತು ನಿಮಿಷ ಮಾತ್ರ. ಶ್ರೇಢಿ ಕೇಳಿದ ಮಗುವಿಗೆ ವರ್ಗ ಸಮೀಕರಣವನ್ನೂ ನೋಡು ಎಂದು ಹೇಳುವವರು ಅಲ್ಲಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತಿದರೆ ಸರಿ ತಪ್ಪು ತಿಳಿಯುತ್ತದೆ, ಮೂರನೆಯ ಹಂತದಲ್ಲಿ ಚಿಹ್ನೆ ಬದಲಾಗಿದ್ದು ತಿಳಿಯುವುದಿಲ್ಲ. ಮ್ಯೂಟ್ ಮಾಡಿಕೊಂಡು ಕೂತ ಮಗುವಿಗೆ ಅರ್ಥವಾಯಿತೋ ಇಲ್ಲವೋ ಎಂದು ಮುಖ ನೋಡಿ ಅರಿಯುವ ದಾರಿ ಶಿಕ್ಷಕರಿಗೂ ಇಲ್ಲ.

ಕೋವಿಡ್ ವರ್ಷಗಳಲ್ಲಿ ಇದನ್ನೆಲ್ಲ ನಾವು ಕಂಡೆವು. 2020ರ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಶುರುವಾಯಿತು. ಮಲೆನಾಡು, ಕರಾವಳಿಯ ಮಕ್ಕಳು ನೆಟ್‌ವರ್ಕ್ ಅರಸಿ ಗುಡ್ಡ ಹತ್ತಿದರು. ಹತ್ತನೆಯ ತರಗತಿ ಮತ್ತೆ ತೆರೆದದ್ದು 2021ರ ಜನವರಿ 1ರಂದು. ಆ ವರ್ಷ ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಂದೇ ದಿನ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಬರೆಸಲಾಯಿತು. ಆ ಆಪತ್ಕಾಲದಲ್ಲಿ ಅದು ಬೇಕಾಗಿತ್ತು, ಅನುಮಾನವಿಲ್ಲ. ಆದರೆ ಹಂತಹಂತವಾಗಿ ಬರೆದು ತೋರಿಸುವ ಅಭ್ಯಾಸ ಒಂದು ಇಡೀ ತಂಡದ ಮಕ್ಕಳ ಕೈತಪ್ಪಿತು. ಗಣಿತದಲ್ಲಿ ಕೈ ಬರೆಯದೇ ಇದ್ದದ್ದು ತಲೆಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ.

ಹಾಗೆಂದು ಆನ್‌ಲೈನ್ ತರಗತಿಯನ್ನು ಹಳಿದು ಫಲವಿಲ್ಲ. ಗಣಿತ ಶಿಕ್ಷಕರ ಹುದ್ದೆ ಖಾಲಿ ಬಿದ್ದ ಹಳ್ಳಿಯ ಹೈಸ್ಕೂಲಿಗೆ ಒಳ್ಳೆಯ ಶಿಕ್ಷಕರ ಪಾಠ ತಲುಪುವ ದಾರಿ ಅದು. ನಾಚಿಕೆ ಸ್ವಭಾವದ ಮಗು ‘ಸಾರ್, ಇನ್ನೊಂದು ಸಲ ಹೇಳಿ’ ಎಂದು ಕೇಳಲಾರದು. ಅದೇ ಮಗು ವಿಡಿಯೊವನ್ನು ಬೇಕಾದಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡುತ್ತದೆ. ಅಮೆರಿಕಕ್ಕೆ ಹೋದ ಕನ್ನಡದ ಮಗು ಎರಡು ಪಠ್ಯಕ್ರಮಗಳ ನಡುವೆ ಬಿಟ್ಟುಹೋದ ಭಾಗವನ್ನು ತುಂಬಿಕೊಳ್ಳುವುದಕ್ಕೂ ಅದು ಒದಗುತ್ತದೆ. ಕೂಡಿಸುವ ಕೆಲಸ ಒಂದನ್ನು ನಾವು ಮಾಡಬೇಕು, ಅಷ್ಟೆ.

ಅದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಮಕ್ಕಳು ಬೀಜಗಣಿತಕ್ಕೊಂದು, ರೇಖಾಗಣಿತಕ್ಕೊಂದು ನೋಟ್‌ಬುಕ್ ಇಡುವುದನ್ನು ಬಿಟ್ಟು ಒಂದನ್ನೇ ಇಡಲಿ. ಪುಟದ ಎಡಕ್ಕೆ ಸಮೀಕರಣ, ಬಲಕ್ಕೆ ಚಿತ್ರ, ಕೆಳಗೆ ನಕ್ಷೆ ಬರೆಯಲಿ. ಪಾಠ ಮುಗಿದ ಮೇಲೆ ‘ಇದು ಹಿಂದೆ ಎಲ್ಲಿ ಬಂದಿತ್ತು?’ ಎಂದು ತಮ್ಮನ್ನೇ ಕೇಳಿಕೊಂಡು ಒಂದು ಸಾಲು ಬರೆದಿಡಲಿ. ವಿಡಿಯೊದಲ್ಲಿ ಲೆಕ್ಕ ಶುರುವಾದ ತಕ್ಷಣ ಅದನ್ನು ನಿಲ್ಲಿಸಿ, ಮೊದಲು ತಾವೇ ಮಾಡಿ, ಆಮೇಲೆ ಮುಂದೆ ನೋಡಲಿ.

ಶಿಕ್ಷಕರು ಸ್ಲೈಡ್ ಬದಿಗಿಟ್ಟು ಆಗಾಗ ಕ್ಯಾಮೆರಾವನ್ನು ಕಾಗದದ ಮೇಲೆ ತಿರುಗಿಸಿ, ಕೈಯಲ್ಲೇ ಲೆಕ್ಕ ಮಾಡಿ ತೋರಿಸಲಿ. ಎತ್ತರ ಮತ್ತು ದೂರದ ಪಾಠಕ್ಕೆ ಮೊದಲು ಐದು ನಿಮಿಷ ಸಮರೂಪ ತ್ರಿಭುಜ ಎಳೆಯಲಿ. ತೆಂಗಿನ ಮರದ ನೆರಳಿಗೂ ನೆಟ್ಟ ಕೋಲಿನ ನೆರಳಿಗೂ ಇರುವ ಅನುಪಾತ ಕಂಡ ಮಗುವಿಗೆ ಟ್ಯಾನ್ ಎಂದರೆ ಏನೆಂದು ಮತ್ತೆ ವಿವರಿಸಬೇಕಿಲ್ಲ. ಅಂಕ ಕೊಡುವಾಗ ಉತ್ತರಕ್ಕಿಂತ ಹಂತಗಳಿಗೆ ಹೆಚ್ಚು ಬೆಲೆ ಕೊಡಲಿ.

ಅಪ್ಪ ಅಮ್ಮಂದಿರಿಗೆ ಗಣಿತ ಬರಬೇಕೆಂದೇನೂ ಇಲ್ಲ. ತರಗತಿ ಮುಗಿದ ಮೇಲೆ ‘ಇವತ್ತು ಏನು ಕಲಿತೆ, ನನಗೂ ಸ್ವಲ್ಪ ಹೇಳಿಕೊಡು’ ಎಂದು ಮಗುವಿನ ಪಕ್ಕದಲ್ಲಿ ಕೂತರೆ ಸಾಕು. ಹೇಳಿಕೊಡುವಾಗ ಮಗು ಎಲ್ಲಿ ತಡವರಿಸುತ್ತದೋ ಅಲ್ಲಿ ಕಲಿಕೆ ಇನ್ನೂ ಬಾಕಿ ಇದೆ ಎಂದು ಇಬ್ಬರಿಗೂ ತಿಳಿಯುತ್ತದೆ. ಎಷ್ಟು ವಿಡಿಯೊ ನೋಡಿದೆ, ಎಷ್ಟು ಅಂಕ ಬಂತು ಎಂಬ ಪ್ರಶ್ನೆಗಳಿಂದ ಇದು ತಿಳಿಯುವುದಿಲ್ಲ.

ಬಿಡಿ ಬಿಡಿಯಾಗಿ ಕಲಿತ ಗಣಿತ ಪರೀಕ್ಷೆಯ ಮರುದಿನಕ್ಕೇ ಮರೆತುಹೋಗುತ್ತದೆ. ಇಡಿಯಾಗಿ ಕಂಡದ್ದು ಮುಂದಿನ ಓದಿಗೂ ಬದುಕಿನ ಲೆಕ್ಕಾಚಾರಕ್ಕೂ ಜತೆಗಿರುತ್ತದೆ. ಇವತ್ತು ಸಂಜೆ ನಿಮ್ಮ ಮನೆಯ ಮಗು ಆನ್‌ಲೈನ್ ತರಗತಿಗೆ ಕೂತಾಗ ಅದರ ಮುಂದೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಅಳತೆಪಟ್ಟಿ ಇರುವಂತೆ ನೋಡಿಕೊಳ್ಳಿ. ಮೊಬೈಲಿನ ಬೆಲೆಯ ಮುಂದೆ ಇವುಗಳ ಬೆಲೆ ಏನೂ ಅಲ್ಲ. ಕಲಿಕೆಯಲ್ಲಿ ಇವುಗಳ ಪಾಲೇ ದೊಡ್ಡದು.